ಟ್ಯಾಂಕಿನ ಅಂಚು

ಗಾಡಿಗೆ ಹಚ್ಚುವ ವ್ಯಾಕ್ಸಿನ ಡಬ್ಬ ಮತ್ತೆ ನಡುವಿನ ಹಲಗೆಯ ಮೇಲಿತ್ತು. ಮೂವತ್ತು ವರ್ಷದಿಂದ ಅದರ ಜಾಗ ಮೇಲಿನ ಹಲಗೆಯ ಎಡತುದಿ. ಕಣ್ಣು ಮುಚ್ಚಿ ಕೈ ಚಾಚಿದರೂ ಸಿಗುವ ಜಾಗ. ಮೂರು ತಿಂಗಳಿಂದ ಈ ಶೆಡ್ಡಿನಲ್ಲಿ ಒಂದೊಂದೇ ಸಾಮಾನು ಕೆಳಗಿಳಿಯುತ್ತಿತ್ತು. ಮೊದಲು ಬ್ರಷ್ಷುಗಳು, ಆಮೇಲೆ ಪಾಲಿಶಿನ ಬಾಟಲಿ, ಈಗ ಇದು. ಇಟ್ಟ ವಸ್ತುವನ್ನು ಇಟ್ಟಲ್ಲಿ ಬಿಡಲಾರದವರೆಲ್ಲ ಕಂಡವರ ಗಾಡಿಯ ಮೇಲೆ ಕೈಯಿಡುತ್ತಾರೆ, ಅದಕ್ಕೊಂದು ಬೋರ್ಡು ಬೇರೆ, ಎಂದು ಅವನು ತಮ್ಮನನ್ನು ಮನಸ್ಸಿನಲ್ಲೇ ಬೈದ. ಡಬ್ಬವನ್ನು ಅದರ ಸ್ವಂತ ಜಾಗಕ್ಕೆ ಏರಿಸಲೆಂದು ಬಲಗೈ ಎತ್ತಿದ. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಭುಜದೊಳಗೆ ಯಾರೋ ಒದ್ದೆ ಹಗ್ಗ ಹಿಂಡಿದಂತಾಯಿತು. ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಡಬ್ಬವನ್ನು ನಡುವಿನ ಹಲಗೆಯಲ್ಲೇ ಕುಕ್ಕಿದ. ಕುಕ್ಕಿದ ಸದ್ದಿನಲ್ಲಿ ಇದೂ ತಮ್ಮನದೇ ತಪ್ಪು ಎಂಬ ಸಮಾಧಾನವಿತ್ತು.

ತಮ್ಮನೆಂದರೆ ಐವತ್ತು ಸಮೀಪಿಸಿದವನು, ಅರ್ಧ ತಲೆ ಬೋಳಾದವನು, ಆದರೂ ಯಾರಾದರೂ ಕರೆದರೆ ಸ್ಕೂಲಿನ ಹುಡುಗನ ಹಾಗೆ ಎದ್ದು ನಿಲ್ಲುವವನು. ನಾಲ್ಕು ವರ್ಷದ ಹಿಂದೆ ಅವನು ಸ್ಪಂಜು ತಿರುಗಿಸಿ ಹೊಳಪು ಕೊಡುವ ಒಂದು ಬಫಿಂಗ್ ಮಷಿನ್ ತಂದು ಶೆಡ್ಡಿನ ಬಲಗೋಡೆಗೆ ನೇತುಹಾಕಿದ ದಿನವೇ ಅಣ್ಣ ಅದಕ್ಕೆ 'ಗಿರಗಟ್ಟಲೆ' ಎಂದು ಹೆಸರಿಟ್ಟಿದ್ದ. ಜಾತ್ರೆ ಮುಗಿಸಿ ಬಂದ ಮಗು ಕೋಲಿಗೆ ಸಿಕ್ಕಿಸಿಕೊಂಡು ತಿರುಗಿಸುವ ಆಟಿಕೆಗೂ ಇದಕ್ಕೂ ಏನು ವ್ಯತ್ಯಾಸ, ಅದು ಗಾಳಿಗೆ ತಿರುಗುತ್ತದೆ, ಇದು ಕರೆಂಟಿಗೆ. ಅದಕ್ಕಿಂತ ನಗೆಪಾಟಲಿನ ವಿಷಯ ತಮ್ಮನ ಟೇಪು. ಮಷಿನ್ ಮುಟ್ಟುವ ಮೊದಲು ಅವನು ಗಾಡಿಯ ಅಂಚಂಚಿಗೆಲ್ಲ ಒಂದು ಹಳದಿ ಕಾಗದದ ಟೇಪು ಅಂಟಿಸುತ್ತಿದ್ದ, ಅರ್ಧ ಗಂಟೆ, ನಾಲಿಗೆ ಹೊರಗೆ ಹಾಕಿಕೊಂಡು. 'ಬ್ಯಾಂಡೇಜು ಸುತ್ತಿ ಆಯ್ತಾ? ಇನ್ನು ಇಂಜೆಕ್ಷನ್ ಕೊಡು,' ಎಂದು ಅಣ್ಣ ಗಿರಾಕಿಗಳ ಎದುರಿಗೇ ಹೇಳುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ, ಅವಮಾನವನ್ನೂ ಅರ್ಥ ಮಾಡಿಕೊಳ್ಳಲಾರದಷ್ಟು ದಡ್ಡ. ದಿನಕ್ಕೆ ಆರು ಗಾಡಿ ಮುಗಿಸುತ್ತಿದ್ದ. ಎರಡು ಮನೆಯ ಒಲೆ ಉರಿಯುತ್ತಿದ್ದುದು ಆ ಆರು ಗಾಡಿಯಿಂದ ಎಂಬುದನ್ನು ಅಣ್ಣ ಯೋಚಿಸುತ್ತಿರಲಿಲ್ಲ. ಯೋಚಿಸಿದರೂ, ಹೋಟೆಲಿನಲ್ಲಿ ತಟ್ಟೆ ತೊಳೆಯುವವನೂ ದಿನಕ್ಕೆ ಆರು ನೂರು ತಟ್ಟೆ ತೊಳೆಯುತ್ತಾನೆ ಎಂದುಕೊಂಡು ಮುಗಿಸುತ್ತಿದ್ದ.

ನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು ಕಣ್ಣಿನ ಡಾಕ್ಟರ ಮೋಟರ್‌ಸೈಕಲ್. ಕಡು ಕೆಂಪು ಬಣ್ಣದ, ಈಗ ಯಾರೂ ತಯಾರಿಸದ, ಎರಡೂ ಪಕ್ಕಕ್ಕೆ ಹೊಟ್ಟೆ ಬಿಟ್ಟ ಟ್ಯಾಂಕು. ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಏಣು, ಮಡಿಸಿ ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯ ಹಾಗೆ. ನಿವೃತ್ತರಾದ ಡಾಕ್ಟರು ವರ್ಷಕ್ಕೊಮ್ಮೆ ಇದನ್ನು ತಂದು ಬಿಟ್ಟು, ಮೂರನೆಯ ದಿನ ಹನ್ನೊಂದು ಗಂಟೆಗೆ ಬಂದು, ಕೊನೆಯ ಒರೆತವನ್ನು ನೋಡಲು ಸ್ಟೂಲಿನ ಮೇಲೆ ಕೂರುತ್ತಿದ್ದರು. 'ಮಷಿನ್ ಹೊಳಪು ನೂರು ಗಜದಿಂದ ನನಗೆ ಗೊತ್ತಾಗುತ್ತೆ ಕಣ್ರೀ. ನಲವತ್ತು ವರ್ಷ ಜನರ ಕಣ್ಣೊಳಗೆ ನೋಡಿದವನು ನಾನು.' ಅವರೇ ಅಣ್ಣನಿಗೆ 'ಕನ್ನಡಿ' ಎಂದು ಹೆಸರು ಕೊಟ್ಟವರು. ಹೆಸರು ಬೀದಿಗೆ ಹಬ್ಬಿತ್ತು, ಮೆಡಿಕಲ್ ಶಾಪಿನವನೂ ಕನ್ನಡಿಯವರೇ ಎನ್ನುತ್ತಿದ್ದ. ಬೀದಿಯವರನ್ನೆಲ್ಲ ಕುರುಡರೆಂದು ತಿಳಿದಿದ್ದ ಅವನು ಡಾಕ್ಟರೊಬ್ಬರನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದ. ವರ್ಷದಲ್ಲಿ ಒಂದು ಗಂಟೆ ಒಬ್ಬ ಕಣ್ಣುಳ್ಳವನು ಎದುರಿಗೆ ಕೂತರೆ ಉಳಿದ ದಿನಗಳನ್ನು ಹೇಗೋ ತಳ್ಳಬಹುದು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳುವಾಗಲೂ ಡಾಕ್ಟರಿಗೆ ಪಾಪ ಬೇರೆ ಕೆಲಸವಿಲ್ಲ ಎಂದು ಸೇರಿಸುತ್ತಿದ್ದ.

ನಿನ್ನೆ ಟ್ಯಾಂಕಿನ ಎಡಪಕ್ಕ ಮುಗಿಸಿದ್ದ. ಮುಗಿಸಿದ್ದ ಎನ್ನುವುದು ಮರ್ಯಾದೆಯ ಮಾತು. ಬಲಗೈಗೆ ಬಲವಿರಲಿಲ್ಲ, ಎಡಗೈಗೆ ಅಭ್ಯಾಸವಿರಲಿಲ್ಲ. ಎರಡನ್ನೂ ಒಂದರ ಮೇಲೊಂದಿಟ್ಟು, ಮೈಭಾರ ಬಿಟ್ಟು, ಬಟ್ಟೆ ಒಗೆಯುವವನಂತೆ ತಿಕ್ಕಿದ್ದ. ಬೆಳಿಗ್ಗೆ ಬೆಳಕಿಗೆ ನೋಡಿದರೆ ಅಲ್ಲಿ ಹೊಳಪಿನ ಹಿಂದೆ ಒಂದು ತೆಳು ಮಂಜು, ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ. ಬಲಪಕ್ಕ ಪೂರ್ತಿ ಬಾಕಿ. ಇವತ್ತು ಮೂರನೆಯ ದಿನ, ಗಂಟೆ ಒಂಬತ್ತೂವರೆ. ತಮ್ಮ ಯಾರದೋ ಗಾಡಿ ತಲುಪಿಸಲು ಹೋಗಿದ್ದ. ಒರೆಸುವ ಬಟ್ಟೆಯ ಕಟ್ಟಿನಿಂದ ಒಂದು ತುಂಡು ಎಳೆದ. ಬಿಳಿ ಬನೀನು, ಇನ್ನೂ ಎರಡು ವರ್ಷ ಬಾಳುವಂಥದು. ಹೆಂಡತಿಗೆ ಈಚೆಗೆ ಬುದ್ಧಿ ಕೆಟ್ಟಿತ್ತು. ತಲೆಯ ಮೇಲಿಂದ ಹಾಕಿಕೊಳ್ಳುವ ಅವನ ಬನೀನುಗಳನ್ನೆಲ್ಲ ಒಂದು ಮಧ್ಯಾಹ್ನ ಕೂತು ಕತ್ತರಿಸಿ, ಅಂಚು ಹೊಲಿದು, ಒರೆಸುವ ಬಟ್ಟೆ ಮಾಡಿಕೊಟ್ಟು, ಅವನಿಗೆ ಮುಂದೆ ಗುಂಡಿಯಿರುವ ಅಂಗಿಗಳನ್ನು ತಂದಿದ್ದಳು. 'ಶೆಡ್ಡಲ್ಲಿ ಬಟ್ಟೆ ಸಾಲ್ದು ಅಂತಿದ್ರಲ್ಲ,' ಎಂದಿದ್ದಳು. ಅವನು ಹಾಗೆ ಯಾವತ್ತೂ ಅಂದಿರಲಿಲ್ಲ. ಹೆಂಗಸರಿಗೆ ಕತ್ತರಿ ಕೈಗೆ ಸಿಕ್ಕರೆ ಸಾಕು.

'ಭಾವ,' ಎಂದು ಬಾಗಿಲಲ್ಲಿ ತಮ್ಮನ ಹೆಂಡತಿ. ಕೈಯಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ರಬ್ಬರ್ ಚೀಲ. 'ಇವರ ಬೆನ್ನಿಗೆ ಅಂತ ಕಾಯಿಸಿದ್ದೆ. ಅಷ್ಟರಲ್ಲಿ ಹೊರಟೇಹೋದ್ರು.'

'ಅವನ ಬೆನ್ನಿಗೇನಾಯ್ತು? ಕೆಲಸ ಮಾಡೋದು ಮಷಿನ್ನು, ನೋಯೋದು ಇವನ ಬೆನ್ನಾ?'

'ಅದನ್ನೇ ನಾನೂ ಕೇಳಿದೆ,' ಎಂದಳು ಅವಳು. 'ನೀರು ಸುಮ್ನೆ ಆರಿಹೋಗುತ್ತೆ.'

'ನನಗ್ಯಾಕೆ ಅದು? ನನಗೇನಾಗಿದೆ?'

'ನಿಮಗೇನೂ ಆಗಿಲ್ಲ ಭಾವ. ಬೆಂಚಿನ ಮೇಲೆ ಇಟ್ಟಿರ್ತೀನಿ. ಬೆಂಚಾದ್ರೂ ಬೆಚ್ಚಗಾಗ್ಲಿ.'

ಇಟ್ಟು ಹೋದಳು. ಎಷ್ಟು ಸೊಕ್ಕು ಎಂದುಕೊಂಡ. ಈ ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ಕೆಲಸಕ್ಕೆ ಬಾರದ ಸಾಮಾನು ತಂದು ಅವನ ಸುತ್ತ ಇಡುತ್ತಿದ್ದರು. ಅವಳು ಮರೆಯಾದ ಮೇಲೆ ಚೀಲವನ್ನು ಭುಜಕ್ಕೂ ಗೋಡೆಗೂ ನಡುವೆ ಸಿಕ್ಕಿಸಿ ಒರಗಿ ಐದು ನಿಮಿಷ ನಿಂತ. ಅದು ಒರಗಿ ನಿಂತಿದ್ದು ಅಷ್ಟೇ, ಯಾರು ಬೇಕಾದರೂ ಗೋಡೆಗೆ ಒರಗಬಹುದು. ಆಮೇಲೆ ಬಲಪಕ್ಕಕ್ಕೆ ಬಂದು, ಪಾಲಿಶ್ ಹಚ್ಚಿ, ಸಣ್ಣ ಸುತ್ತುಗಳಲ್ಲಿ ಶುರುಮಾಡಿದ. ಇಪ್ಪತ್ತು ಸುತ್ತಿಗೆ ಬೆರಳು ಮರಗಟ್ಟಿತು. ನಲವತ್ತಕ್ಕೆ ಬಟ್ಟೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ನೋಡುತ್ತ ನಿಂತ. ತಾನಾಗಿ ಬಿಟ್ಟಿದ್ದಲ್ಲ, ಕೈ ಅವನನ್ನು ಕೇಳದೆ ಬಿಟ್ಟಿತ್ತು, ಬಸ್ಸಿನಲ್ಲಿ ನಿದ್ದೆಹೋದ ಮುದುಕನ ಕೈಯಿಂದ ಚೀಲ ಬಿದ್ದಹಾಗೆ. ನೆಲಕ್ಕೆ ಬಿದ್ದ ಬಟ್ಟೆಗೆ ಮರಳು ಹತ್ತುತ್ತದೆ, ಅದನ್ನು ಮತ್ತೆ ಟ್ಯಾಂಕಿಗೆ ಮುಟ್ಟಿಸಬಾರದು. ಇದು ಅವನು ತಮ್ಮನಿಗೆ ಕಲಿಸಿದ ಮೊದಲ ಪಾಠ. ಎರಡನೆಯದು ಅಂಚು. ಬಣ್ಣ ಬಳಿದಾಗ ಅದು ಹಸಿಯಾಗಿಯೇ ಏಣಿನಿಂದ ಎರಡೂ ಕಡೆ ಇಳಿದುಹೋಗಿರುತ್ತದೆ, ಏಣಿನ ಮೇಲೆ ಉಳಿಯುವುದು ಒಂದು ಪೊರೆ ಮಾತ್ರ. ಅಲ್ಲಿ ಕೈ ಹಗುರ ಮಾಡಬೇಕು. ಆಗ ತಮ್ಮನಿಗೆ ಮೀಸೆ ಚಿಗುರಿತ್ತು ಅಷ್ಟೇ. ಅವನನ್ನು ಕಣ್ಣು ಮುಚ್ಚಿಸಿ ತಿಕ್ಕಲು ಹೇಳಿ, ಕೈ ಏಣಿನ ಹತ್ತಿರ ಬಂದಾಗೆಲ್ಲ 'ಅಂಚು ಬಂತು' ಎಂದು ಅವನ ತಲೆಗೆ ಗೆಣ್ಣಿನಿಂದ ಕುಟ್ಟುತ್ತಿದ್ದ. ಎಷ್ಟು ಸಲ ಕುಟ್ಟಿದ್ದನೋ. ಅಷ್ಟು ಕುಟ್ಟಿಸಿಕೊಂಡೂ ಟೇಪು ಬೇಕಾಯಿತಲ್ಲ ಆ ಮಹಾರಾಯನಿಗೆ.

ಹತ್ತು ಗಂಟೆ ಐದು ನಿಮಿಷಕ್ಕೆ ಅವನು ಶೆಡ್ಡಿನ ಬಾಗಿಲು ಎಳೆದುಕೊಂಡ. ಧೂಳು ಬರುತ್ತದೆಂದು ಎಳೆದುಕೊಂಡ. ಗಿರಗಟ್ಟಲೆಯ ಹತ್ತಿರ ಹೋಗಿದ್ದು ಅದನ್ನು ನೋಡಲು. ಮೊಳೆಯಿಂದ ಇಳಿಸಿದ್ದು ಎಷ್ಟು ಭಾರವಿದೆಯೆಂದು ತಿಳಿಯಲು. ಅಷ್ಟೇನೂ ಭಾರವಿರಲಿಲ್ಲ, ಎರಡು ಕೈಯಲ್ಲಿ ಹೊಟ್ಟೆಯ ಹತ್ತಿರ ಹಿಡಿದರೆ ಭುಜಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಸ್ವಿಚ್ಚು ಒತ್ತಿದಾಗ ಅದು ಕೈಯೊಳಗೆ ಜೀವ ಬಂದಂತೆ ಕೊಸರಾಡಿ, ಪಾಲಿಶನ್ನು ಅವನ ಅಂಗಿಗೂ ಗಡ್ಡಕ್ಕೂ ಎರಚಿತು. ಥೂ ಎಂದ. ಆಮೇಲೆ ಅದನ್ನು ಮೆಲ್ಲಗೆ, ಮುಖ ತೊಳೆಸುವಂತೆ, ಟ್ಯಾಂಕಿನ ಹೊಟ್ಟೆಗೆ ತಾಕಿಸಿದ. ಸದ್ದು ಇಳಿದು ಗುನುಗಾಯಿತು. ಸ್ಪಂಜು ಸರಿದ ಜಾಗದಲ್ಲಿ ಕೆಂಪು ಬಣ್ಣ ಒಳಗಿನಿಂದ ಎದ್ದುಬಂತು. ಅವನು ಅಂಥದ್ದನ್ನು ಎರಡು ದಿನದ ಕೆಲಸದ ಕೊನೆಗೆ ನೋಡಿದ್ದ, ಅದೂ ಕೈ ಚೆನ್ನಾಗಿದ್ದ ಕಾಲದಲ್ಲಿ, ಅದೂ ಎಲ್ಲ ಸಲವೂ ಅಲ್ಲ. ಇಲ್ಲಿ ಅದು ಎಂಟು ನಿಮಿಷದಲ್ಲಿ, ಯಾವನೋ ದಾರಿಹೋಕನಿಗೂ ಸಿಗುವಂತೆ, ಸುಮ್ಮನೆ ಬರುತ್ತಿತ್ತು. ಕಿಟಕಿಯ ಸರಳುಗಳು ಟ್ಯಾಂಕಿನಲ್ಲಿ ಕೂದಲೆಳೆಯಷ್ಟೂ ಅಲುಗದೆ ನಿಂತಿದ್ದವು. ಮೂವತ್ತು ವರ್ಷ ತಿಕ್ಕಿದ ತನ್ನ ಕೈಯ ಬಗ್ಗೆ, ಅದನ್ನು ನಂಬಿದ ತನ್ನ ಬಗ್ಗೆ, ಅವನಿಗೊಂದು ಕೀಳು ನಗು ಬಂತು. ಆ ನಗು ತಮ್ಮನದಾಗಿದ್ದರೆ ಬೈಯಬಹುದಿತ್ತು. ನಿಲ್ಲಿಸಬೇಕಿತ್ತು, ಬಲಪಕ್ಕ ಮುಗಿದಿತ್ತು. ಆದರೆ ಏಣಿನ ಉದ್ದಕ್ಕೂ ಒಂದು ಮಸುಕು ಗೆರೆ ಉಳಿದಿತ್ತು, ಈ ಹೊಳಪಿನ ಪಕ್ಕ ಅದು ಹಲ್ಲಿನ ಕರೆಯ ಹಾಗೆ ಕಾಣುತ್ತಿತ್ತು. ಇನ್ನೊಂದೇ ಸಲ ಎಂದು ಮಷಿನನ್ನು ಅಲ್ಲಿಟ್ಟ. ಚೆನ್ನಾಗಿ ಬರುತ್ತಿದೆ ಎಂದು ಒಂದು ಉಸಿರು ಹೆಚ್ಚು ನಿಲ್ಲಿಸಿದ. ವಾಸನೆ ಮೊದಲು ಬಂತು, ಕೂದಲು ಸುಟ್ಟಂಥದು. ಎತ್ತಿದಾಗ ಏಣಿನ ಮೇಲೆ ಬೆರಳುದ್ದ ಬಣ್ಣವಿರಲಿಲ್ಲ. ಬಣ್ಣದ ಅಡಿಗೆ ಬಳಿದಿದ್ದ ಪ್ರೈಮರ್ ಬೂದುಬಣ್ಣದಲ್ಲಿ ಹಲ್ಲುಕಿರಿದಿತ್ತು.

ಮೊದಲು ಅವನು ಮಾಡಿದ್ದು ಗಿರಗಟ್ಟಲೆಯನ್ನು ಮೊಳೆಗೆ ನೇತುಹಾಕಿದ್ದು. ಆಮೇಲೆ ಗಡ್ಡ ಒರೆಸಿಕೊಂಡ. ಆಮೇಲೆ ಬೂದಿ ಗೆರೆಯ ಮೇಲೆ ಕೆಂಪು ವ್ಯಾಕ್ಸ್ ಹಚ್ಚಿ, ತಲೆ ಓರೆಮಾಡಿ ನೋಡಿ, ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದ. ಅಷ್ಟರಲ್ಲಿ ಬಾಗಿಲು ಸರಿಯಿತು. ತಮ್ಮ ಒಳಗೆ ಬಂದು, ಚಪ್ಪಲಿ ಬಿಟ್ಟು, ಅಂಗಿಯ ತೋಳು ಮಡಿಸುತ್ತ ನಿಂತವನು ನಿಂತೇ ಇದ್ದ. ಅವನು ಟ್ಯಾಂಕು ನೋಡಿದ. ಅಣ್ಣನ ಅಂಗಿಯ ಮೇಲೆ ಎರಚಿದ್ದ ಬಿಳಿ ಚುಕ್ಕೆಗಳನ್ನು ನೋಡಿದ. ಗೋಡೆಯ ಮೇಲೆ ಬೇರೆ ಮೊಳೆಗೆ ನೇತಾಡುತ್ತಿದ್ದ ಮಷಿನನ್ನೂ, ಅದರ ಪಕ್ಕದಲ್ಲಿ ಯಾರೂ ಮುಟ್ಟದ ಟೇಪಿನ ಉರುಳೆಯನ್ನೂ ನೋಡಿದ. ಈಗ ಹೇಳು, ಎಂದು ಅಣ್ಣ ಮನಸ್ಸಿನಲ್ಲೇ ಹಲ್ಲು ಕಚ್ಚಿದ. ನಾಲ್ಕು ವರ್ಷ ಕಾದಿದ್ದೀಯಲ್ಲ, ಬ್ಯಾಂಡೇಜು ಎಲ್ಲಿ ಅಂತ ಕೇಳು. ತಮ್ಮ ಹತ್ತಿರ ಬಂದು ಆ ಜಾಗಕ್ಕೆ ಬೆರಳಿನ ಬೆನ್ನು ತಾಗಿಸಿದ, ಮಗುವಿನ ಜ್ವರ ನೋಡುವ ಹಾಗೆ.

'ಇನ್ನೂ ಬಿಸಿ ಇದೆ,' ಎಂದ. ಆಮೇಲೆ, 'ಅಣ್ಣ, ಆ ಅಂಗಿ ಬದಲಾಯಿಸ್ಕೋ. ಡಾಕ್ಟ್ರು ಇವತ್ತು ಬೇಗ ಬಂದಿದಾರೆ, ತಿರುವಲ್ಲೇ ಇದಾರೆ.'

ಬದಲಾಯಿಸಲು ಹೊತ್ತಿರಲಿಲ್ಲ. ತಮ್ಮ ಬಾಗಿಲ ಹಿಂದಿನ ತನ್ನ ಏಪ್ರನ್ ತೆಗೆದು ಅಣ್ಣನ ಕೊರಳಿಗೆ ಹಾಕಿ, ಹಿಂದೆ ಹೋಗಿ ದಾರ ಕಟ್ಟಿದ. ಕೈಯೆತ್ತು ಎಂದು ಅವನು ಹೇಳಲಿಲ್ಲ. ಆ ಕ್ಷಣಕ್ಕೆ ಅಣ್ಣನಿಗೆ ಎಲ್ಲವೂ ಒಟ್ಟಿಗೆ ಕಂಡಿತು: ಕೆಳಗಿಳಿದ ಡಬ್ಬ, ಕತ್ತರಿಸಿದ ಬನೀನು, ಬೆಂಚಿಗೆಂದು ಕಾಯಿಸಿದ ನೀರು. ಮೂರು ತಿಂಗಳಿಂದ ಅವರೆಲ್ಲ ಅವನ ಭುಜದ ಸುತ್ತ ಬೆರಳ ತುದಿಯಲ್ಲಿ ನಡೆಯುತ್ತಿದ್ದರು. ತಾನು ಮುಚ್ಚಿಟ್ಟುಕೊಂಡಿದ್ದೇನೆಂದು ಮೆರೆಯುತ್ತಿದ್ದುದನ್ನು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಕೃತಜ್ಞತೆ ಬರಬೇಕಿತ್ತು. ಬಂದಿದ್ದು ಬೆತ್ತಲೆ ನಿಂತವನ ಸಿಟ್ಟು.

ಡಾಕ್ಟರು ಒಳಗೆ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ಸ್ಟೂಲಿಗೆ ಹೋಗುವ ಮೊದಲೇ ನಿಂತರು. ಏಣಿನ ಬೂದಿ ಗೆರೆ ಬಾಗಿಲಿನಿಂದಲೇ ಕಾಣುತ್ತಿತ್ತು.

'ಏನಿದು?'

ಅಣ್ಣ ಬಾಯಿ ತೆರೆದ. ತಮ್ಮ ಒಂದು ಹೆಜ್ಜೆ ಮುಂದೆ ಬಂದಿದ್ದ. 'ನಾನು ಸಾರ್. ಅಣ್ಣ ಒಳಗೆ ಹೋಗಿದ್ದ. ಅಂಚೊಂದು ಉಳಿದಿದೆ, ಮುಗಿಸಿಬಿಡೋಣ ಅಂತ ಮಷಿನ್ ಇಟ್ಟೆ.'

'ಮಷಿನ್,' ಎಂದರು ಡಾಕ್ಟರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವರಂತೆ. 'ನನ್ನ ಗಾಡಿಗೆ. ಕೈ ಬಿಟ್ಟು ಇನ್ನೇನೂ ಮುಟ್ಟಬಾರದು ಅಂತ ಪ್ರತಿ ವರ್ಷ ಬಾಯಿ ನೋಯೋ ತನಕ ಹೇಳ್ತೀನಲ್ಲ, ಅದು ಯಾರಿಗೆ ಹೇಳಿದ್ದು ನಾನು? ಗೋಡೆಗಾ?'

ತಮ್ಮ ತಲೆ ತಗ್ಗಿಸಿದ. ಆಗ ಅಣ್ಣ ತನ್ನ ಸ್ವಂತ ಧ್ವನಿಯನ್ನು ಕೇಳಿದ; ಅದು ಎಂದಿನಂತೆ, ಅಭ್ಯಾಸಬಲದಿಂದ, ಸ್ವಲ್ಪ ಮೂಗಿನಿಂದ ಹೊರಟಿತು: 'ಎಷ್ಟು ಸಲ ಹೇಳಿದೀನಿ ಡಾಕ್ಟ್ರೇ, ಅಂಚಿನ ಮೇಲೆ ನಿಲ್ಲಿಸಬೇಡ ಅಂತ. ಬ್ಯಾಂಡೇಜು ಸುತ್ತಕ್ಕೆ ಮಾತ್ರ ಬರುತ್ತೆ ಇವನಿಗೆ.' ತಮ್ಮ ನೆಲದ ಮೇಲೆ ಬಿದ್ದಿದ್ದ ಬನೀನಿನ ತುಂಡನ್ನು ಎತ್ತಿ, ಮರಳು ಕೊಡವಿ, ನಾಲ್ಕು ಮಡಿಕೆ ಮಾಡುತ್ತಿದ್ದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

ಡಾಕ್ಟರು ಟ್ಯಾಂಕಿನ ಸುತ್ತ ನಡೆದರು. ಬಲಪಕ್ಕದಲ್ಲಿ ಬಗ್ಗಿದರು, ಮುಖ ಅರಳಿತು. 'ಇಲ್ಲಿ ನೋಡಿ. ಇದು ನಮ್ಮ ಕನ್ನಡಿಯವರ ಕೈ. ಈ ಆಳ, ಈ ಬೆಚ್ಚಗಿರೋ ಕೆಂಪು, ಇದು ಯಾವ ಮಷಿನ್ನಿಗೆ ಬರುತ್ತೆ?' ಎಡಪಕ್ಕಕ್ಕೆ ಹೋಗಿ ಬಗ್ಗಿದರು, ಮುಖ ಮುದುಡಿತು. 'ಇಲ್ಲೂ ಹಾಕಿದೀಯಲ್ಲಪ್ಪಾ. ಮಂಜು ಮಂಜು. ಸುಳ್ಳು ಹೇಳಬೇಡ, ಇದೂ ನಿನ್ನ ಮಷಿನ್ನೇ. ನೂರು ಗಜದಿಂದ ಗೊತ್ತಾಗುತ್ತೆ ನನಗೆ.'

'ಹೌದು ಸಾರ್,' ಎಂದ ತಮ್ಮ, ಒಂದು ಕ್ಷಣವೂ ತಡೆಯದೆ.

ನಲವತ್ತು ವರ್ಷ ಕಣ್ಣೊಳಗೆ ನೋಡಿದ ಮನುಷ್ಯ. ಅಣ್ಣ ಅವರ ದಪ್ಪ ಕನ್ನಡಕವನ್ನು, ಅದರ ಹಿಂದೆ ಈಜುತ್ತಿದ್ದ ಸಂತೃಪ್ತ ಕಣ್ಣುಗಳನ್ನು ನೋಡಿದ. ವರ್ಷಕ್ಕೊಂದು ಗಂಟೆಯ ಹೊಗಳಿಕೆಯನ್ನು ಅವನು ಎಷ್ಟು ಜೋಪಾನವಾಗಿ ಮನೆಗೊಯ್ದಿದ್ದ, ಊಟಕ್ಕೆ ಕೂತಾಗ ಎಷ್ಟು ಉದಾಸೀನ ನಟಿಸುತ್ತ ಹೆಂಡತಿಗೆ ಹೇಳಿದ್ದ. ಅದೆಲ್ಲ ಒಬ್ಬ ಕುರುಡ ಕೊಟ್ಟ ಸರ್ಟಿಫಿಕೇಟು. ಇದಕ್ಕಾಗಿ ಅವನು ನಾಲ್ಕು ವರ್ಷ ತಮ್ಮನನ್ನು ಗಿರಾಕಿಗಳ ಎದುರು ಹಂಗಿಸಿದ್ದ. ನಗಬೇಕೆನಿಸಿತು. ಆದರೆ ನಗಲು ಎದುರಿಗೊಬ್ಬ ದಡ್ಡ ಬೇಕು, ಮತ್ತು ಆ ಶೆಡ್ಡಿನಲ್ಲಿ ಈಗ ಆ ಜಾಗ ಯಾರದೆಂದು ಸ್ಪಷ್ಟವಿತ್ತು.

'ನಮ್ಮ ಹಳೆ ಗಾಡಿಯವರ ಕೂಟ ಇದೆ, ಇಪ್ಪತ್ತು ಜನ,' ಎನ್ನುತ್ತಿದ್ದರು ಡಾಕ್ಟರು. 'ಅವರಲ್ಲಿ ಅರ್ಧ ಜನ ಇವನ ಹತ್ರಾನೇ ಬರ್ತಾರೆ. ಇವತ್ತೇ ಹೇಳ್ತೀನಿ ಎಲ್ಲರಿಗೂ. ಗಾಡಿ ಮೇಲೆ ಪ್ರೀತಿ ಇದ್ರೆ ಈ ತಮ್ಮನ ಕೈಗೆ ಕೊಡಬೇಡಿ ಅಂತ.'

ತಮ್ಮ ಮಡಿಸಿದ ಬಟ್ಟೆಯನ್ನು ಹಲಗೆಯ ಮೇಲಿಟ್ಟ, ನಡುವಿನ ಹಲಗೆಯ ಮೇಲೆ.

'ಡಾಕ್ಟ್ರೇ,' ಎಂದ ಅಣ್ಣ. 'ಅದು ಸುಟ್ಟಿದ್ದು ನಾನು.'

'ಹಾಂ?'

'ಮಷಿನ್ ಇಟ್ಟಿದ್ದು ನಾನು. ಇವನು ಶೆಡ್ಡಲ್ಲೇ ಇರಲಿಲ್ಲ. ಮಂಜು ಅಂದ್ರಲ್ಲ ಆ ಪಕ್ಕ, ಅದು ನನ್ನ ಕೈ. ಈ ಪಕ್ಕ ಮಷಿನ್ನು.'

ಡಾಕ್ಟರು ಅವನನ್ನು ದಿಟ್ಟಿಸಿದರು. ಆಮೇಲೆ ಅವರ ಮುಖ ಮೃದುವಾಯಿತು. ಹತ್ತಿರ ಬಂದು ಅವನ ಬಲಭುಜದ ಮೇಲೆಯೇ ಕೈಯಿಟ್ಟರು. ಅವನು ಉಸಿರು ಬಿಗಿಹಿಡಿದ. 'ಕನ್ನಡಿಯವರೇ,' ಎಂದರು, 'ತಮ್ಮನ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತೀರಿ. ಈ ಕಾಲದಲ್ಲಿ ಯಾರಿದಾರೆ ಹಾಗೆ? ಏನಪ್ಪಾ, ನೋಡಿ ಕಲಿ. ಇಂಥ ಅಣ್ಣ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು.'

'ಹೌದು ಸಾರ್,' ಎಂದ ತಮ್ಮ ಮತ್ತೆ. ಈ ಸಲ ಅವನ ತುಟಿಯ ಮೂಲೆಯಲ್ಲಿ ಏನೋ ಅಲುಗಿತು. ಅದು ತಿರಸ್ಕಾರವಾಗಿದ್ದರೆ ಅಣ್ಣ ಅದನ್ನು ಗುರುತಿಸುತ್ತಿದ್ದ, ಆ ಸರಕಿನ ಗುರುತು ಅವನಿಗಿಂತ ಚೆನ್ನಾಗಿ ಯಾರಿಗಿತ್ತು. ತಿರಸ್ಕಾರವಲ್ಲ. ಬರೀ ನಗು, ಮನೆಯೊಳಗಿನ ನಗು, ಇಬ್ಬರಿಗೆ ಮಾತ್ರ ಗೊತ್ತಿರುವ ವಿಷಯಕ್ಕೆ ಇಬ್ಬರಲ್ಲೊಬ್ಬ ನಗುವಂಥದು.

ಇಲ್ಲಿಗೆ ಬಿಡಬಹುದಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಕೇಳುವವನು ಕೇಳದಿದ್ದರೆ ಅದು ಅವನ ಕಿವಿಯ ದೋಷ. ಬೇಕಾದರೆ ಇಡೀ ಬದುಕು ಈ ಸಮಾಧಾನದ ಮೇಲೆ ಆರಾಮಾಗಿ ಒರಗಿಕೊಂಡಿರಬಹುದು, ಗೋಡೆಗೂ ಭುಜಕ್ಕೂ ನಡುವೆ ಸಿಕ್ಕಿಸಿದ ಬಿಸಿನೀರಿನ ಚೀಲದ ಹಾಗೆ. ಅಣ್ಣ ಹೋಗಿ ಸ್ಟೂಲನ್ನು ಕಾಲಿನಿಂದ ಎಳೆದು ಟ್ಯಾಂಕಿನ ಎಡಪಕ್ಕಕ್ಕೆ ಹಾಕಿದ.

'ಕೂತ್ಕೊಳ್ಳಿ ಡಾಕ್ಟ್ರೇ. ಕೊನೆ ಒರೆತ ನೋಡಕ್ಕೆ ಬಂದಿದೀರಿ. ನೋಡ್ಕೊಂಡೇ ಹೋಗಿ.'

ಡಾಕ್ಟರು ಕೂತರು. ಅವನು ಬಲಗೋಡೆಯ ಹತ್ತಿರ ಹೋಗಿ ಗಿರಗಟ್ಟಲೆಯನ್ನು ಮೊಳೆಯಿಂದ ಇಳಿಸಿದ. ಹಿಂದಿನಿಂದ 'ಏನ್ ಮಾಡ್ತಿದೀರಿ, ಕನ್ನಡಿಯವರೇ' ಎಂದು ಕೇಳಿಸಿತು; ತಿರುಗಲಿಲ್ಲ. 'ತಗೋ,' ಎಂದು ಟೇಪಿನ ಉರುಳೆಯನ್ನು ತಮ್ಮನ ಕಡೆ ಎಸೆದ. ಕೈ ಮೇಲೇಳದ ಕಾರಣ ಅದು ನೆಲದ ಮೇಲೆ ಉರುಳಿಕೊಂಡು ಹೋಗಿ ತಮ್ಮನ ಕಾಲಿಗೆ ಬಡಿದು ಬಿತ್ತು. 'ಆ ನಿನ್ನ ಬ್ಯಾಂಡೇಜು ಹಾಕು. ಹೇಗೆ ಹಾಕ್ತಾರೆ ಅಂತ ನನಗೆ ಗೊತ್ತಿಲ್ಲ.'

ತಮ್ಮ ಮಂಡಿಯೂರಿ ಟೇಪಿನ ತುದಿಯನ್ನು ಹಲ್ಲಿನಿಂದ ಹರಿದ. ಏಣಿನ ಉದ್ದಕ್ಕೂ, ಸುಟ್ಟ ಜಾಗವನ್ನೂ ಸೇರಿಸಿ, ಹೆಬ್ಬೆರಳಿನಿಂದ ಒತ್ತುತ್ತ ಹೋದ, ನಾಲಿಗೆ ಹೊರಗೆ ಹಾಕಿಕೊಂಡು. ಅಣ್ಣ ಕಾದ. ಅರ್ಧ ಗಂಟೆಯೆಂದು ತಾನು ಹಂಗಿಸುತ್ತಿದ್ದ ಆ ಕೆಲಸ ಎರಡು ನಿಮಿಷದ್ದು. ಸ್ವಿಚ್ಚು ಒತ್ತಿದಾಗ ಮಷಿನ್ ಮತ್ತೆ ಕೊಸರಾಡಿತು, ಏಪ್ರನ್ನಿನ ಮೇಲೂ ಡಾಕ್ಟರ ಬಿಳಿ ಪ್ಯಾಂಟಿನ ಮೇಲೂ ಒಂದಿಷ್ಟು ಎರಚಿತು. ಆಗ ಕೆಳಗಿನಿಂದ ಒಂದು ಕೈ ಬಂದು ಅವನ ಬಲಮೊಣಕೈಗೆ ಆನಿಕೆಯಾಯಿತು. ಒತ್ತಲಿಲ್ಲ, ಎಳೆಯಲಿಲ್ಲ, ಭಾರವನ್ನಷ್ಟೇ ತೆಗೆದುಕೊಂಡಿತು. ತನ್ನ ಕೈಯ ಮಂಜು ಕರಗಿ ಕೆಂಪು ಎದ್ದುಬರುವುದನ್ನು ಅವನು ನೋಡಿದ. ಸ್ಟೂಲಿನ ಮೇಲೆ ಡಾಕ್ಟರು ಮೊದಲು ಮುಂದಕ್ಕೆ ಬಗ್ಗಿದರು. ಆಮೇಲೆ ಕನ್ನಡಕ ತೆಗೆದರು. ಆಮೇಲೆ ಈ ಪಕ್ಕದಿಂದ ಎದ್ದು ಹೋಗಿ ಆ ಪಕ್ಕ ನೋಡಿ, ಮತ್ತೆ ಬಂದು ಈ ಪಕ್ಕ ನೋಡಿದರು. ಅವರ ಮುಖವನ್ನು ಅವನು ನೋಡಲಿಲ್ಲ. ನೋಡುವಷ್ಟು ಪುರುಸೊತ್ತಿರಲಿಲ್ಲ. ಮಷಿನ್ ಟ್ಯಾಂಕಿನ ಹೊಟ್ಟೆಯಿಂದ ಮೇಲಕ್ಕೆ ಏರುತ್ತಿತ್ತು, ಹಳದಿ ಟೇಪಿನ ಕಡೆಗೆ, ಮತ್ತು ಅವನ ಕಣ್ಣು ಯಾಕೋ ಸರಿಯಾಗಿ ಕಾಣುತ್ತಿರಲಿಲ್ಲ.

'ಅಂಚು ಬಂತು, ಅಣ್ಣ,' ಎಂದ ತಮ್ಮ, ಮೆಲ್ಲಗೆ.

ಅವನು ಕೈ ಹಗುರ ಮಾಡಿದ.